ಸಡಿಲ ಚೀನೋಸ್ ಪ್ಯಾಂಟನ್ನು ಸ್ಲಿಮ್ ಫಿಟ್ ಮಾಡಿದ ಬಗೆ

ಹತ್ತಿ ಚೀನೋಸ್. ಸೊಂಟ, ಸೀಟು ಸರಿಯಾಗಿದ್ದವು. ಬಾಟಮ್ (ಕಾಲಿನ ತುದಿ) ಸುತ್ತಳತೆ ಮಾತ್ರ 17 ಇಂಚು. ಅದನ್ನು 15ಕ್ಕೆ ಇಳಿಸಿದೆ.

ಮೊದಲು ಎರಡು ಸಲ ಒಗೆದು ಒಣಗಿಸಿದೆ. ಹತ್ತಿ ಬಟ್ಟೆ ಶುರುವಿನ ಒಗೆತಗಳಲ್ಲೇ ಕುಗ್ಗುವುದರಿಂದ ಅದಕ್ಕೂ ಮುಂಚೆ ತೆಗೆದ ಅಳತೆ ನಂಬುವಂತಿಲ್ಲ. ಆಮೇಲೆ ತಳದ ಮಡಿಕೆ ಬಿಚ್ಚಿ, ಇಸ್ತ್ರಿ ಹಾಕಿ, ಪ್ಯಾಂಟನ್ನು ಒಳಮೈ ಹೊರಗಾಗಿ ತೊಟ್ಟು ಗುಂಡುಸೂಜಿ ಚುಚ್ಚಿದೆ. ಹಿಮ್ಮಡಿಯಿಂದ ಪಾದದ ಮೇಲ್ಭಾಗದವರೆಗೆ ಓರೆಯಾಗಿ ಟೇಪು ಸುತ್ತಿಯೂ ನೋಡಬೇಕು. ಬಾಟಮ್ ಅದಕ್ಕಿಂತ ಕಿರಿದಾದರೆ ಕಾಲು ತೂರುವುದೇ ಇಲ್ಲ.

ಲೆಕ್ಕ ತಪ್ಪುವುದು ಇಲ್ಲಿ: ಹೊಲಿಗೆಯನ್ನು ಅರ್ಧ ಇಂಚು ಒಳಗೆ ತಂದರೆ ಮುಂದಿನ, ಹಿಂದಿನ ಎರಡೂ ಪದರ ಕಡಿಮೆಯಾಗಿ ಸುತ್ತಳತೆ ಪೂರಾ ಒಂದು ಇಂಚು ಇಳಿಯುತ್ತದೆ. ಹಾಗಾಗಿ ಬಾಟಮ್‌ನಲ್ಲಿ ಒಳಹೊಲಿಗೆಗೆ (ಎರಡು ಕಾಲುಗಳ ನಡುವಿನ ಬದಿಯದು) ಅರ್ಧ, ಪಕ್ಕದ ಹೊಲಿಗೆಗೆ ಅರ್ಧ. ಮೊಣಕಾಲಲ್ಲಿ ಎರಡೂ ಕಡೆ ಕಾಲು ಇಂಚು. ಪಕ್ಕದ ಗೆರೆ ಜೇಬಿನ ಚೀಲಕ್ಕಿಂತ ಕೆಳಗೇ ಹಳೆ ಹೊಲಿಗೆಗೆ ಸೇರಬೇಕು, ಇಲ್ಲವಾದರೆ ಚೀಲವೂ ಸೇರಿ ಹೊಲಿದುಹೋಗುತ್ತದೆ. ಒಂದೇ ಕಡೆ ಹಿಡಿದರೆ ಕೆಲಸ ಅರ್ಧದಷ್ಟಾಗುತ್ತದೆ ನಿಜ, ಆದರೆ ಬಟ್ಟೆಯ ಉದ್ದನೆಯ ಎಳೆ ಕಾಲಿನ ನಡುವಿನಿಂದ ಸರಿದು ಪ್ಯಾಂಟು ತಿರುಚಿಕೊಳ್ಳುತ್ತದೆ. ನಾನಂತೂ ಅದನ್ನು ಒಪ್ಪುವುದಿಲ್ಲ.

ಹೊಲಿಗೆ ಹಾಕುವ ಮುನ್ನ ದೊಡ್ಡ ಕಚ್ಚಾ ಹೊಲಿಗೆ ಹಾಕಿ ತೊಟ್ಟು, ಕೂತು, ಮೆಟ್ಟಿಲು ಹತ್ತಿ ನೋಡಿದೆ. ಮೀನಖಂಡದ ಹತ್ತಿರ ಬಿಗಿಯಾದರೆ ಕೂತು ಎದ್ದಾಗ ಬಟ್ಟೆ ಕೆಳಗಿಳಿಯದೆ ಮೊಣಕಾಲ ಹಿಂದೆ ಅಡ್ಡ ಸುಕ್ಕಾಗಿ ನಿಲ್ಲುತ್ತದೆ. ಅಲ್ಲಿ ಕಾಲು ಇಂಚು ಬಿಟ್ಟುಕೊಟ್ಟರೆ ಸಾಕು. ತೊಡೆಯನ್ನು ಮುಟ್ಟಲಿಲ್ಲ, ಅಲ್ಲಿ ಬಿಗಿ ಮಾಡಿದರೆ ಕವಲಿನಿಂದ ಗೆರೆಗಳು ಚಾಚುತ್ತವೆ, ಜೇಬು ಬಾಯಿ ಬಿಡುತ್ತದೆ.

90ನೇ ನಂಬರಿನ ಮೆಷಿನ್ ಸೂಜಿ, ಪಾಲಿಯೆಸ್ಟರ್ ದಾರ, 2.5 ಮಿ.ಮೀ. ಉದ್ದದ ಹೊಲಿಗೆ. ಬಟ್ಟೆಯಲ್ಲಿ ಸ್ಪ್ಯಾಂಡೆಕ್ಸ್ (ಹಿಗ್ಗುವ ನೂಲು) ಬೆರೆತಿದ್ದರೆ ಸ್ಟ್ರೆಚ್ ಸೂಜಿಯೇ ಬೇಕು, ಇಲ್ಲದಿದ್ದರೆ ಹೊಲಿಗೆ ಅಲ್ಲಲ್ಲಿ ತಪ್ಪುತ್ತದೆ.

ತಳದ ಮಡಿಕೆಯ ವಿಷಯ ಬಹಳ ಜನ ಮರೆಯುತ್ತಾರೆ. ಕಾಲು ಕೆಳಗೆ ಹೋದಂತೆ ಕಿರಿದಾಗುವುದರಿಂದ, ಒಳಕ್ಕೆ ಮಡಚಿದ ತುದಿ ತಾನು ಕೂರಬೇಕಾದ ಜಾಗಕ್ಕಿಂತ ಸಣ್ಣದಾಗಿರುತ್ತದೆ. ಹೊಲಿದರೆ ಸುತ್ತಲೂ ಜಗ್ಗಿ ನೆರಿಗೆ ಬೀಳುತ್ತದೆ. ಅದಕ್ಕೆ ಮಡಿಕೆಯ ಗೆರೆಯಿಂದ ಕೆಳಗಿನ ಒಂದೂವರೆ ಇಂಚಿನಲ್ಲಿ ಹೊಲಿಗೆಯನ್ನು ಮತ್ತೆ ಹೊರಕ್ಕೆ ತಿರುಗಿಸಿದೆ, ಮೇಲೆ ಎಷ್ಟು ಓರೆಯೋ ಕೆಳಗೂ ಅಷ್ಟೇ. ಮಡಚಿದಾಗ ಒಂದಕ್ಕೊಂದು ಸರಿಯಾಗಿ ಕೂತಿತು.

ಹೆಚ್ಚುವರಿ ಬಟ್ಟೆಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ, ಅಂಚಿನ ಎಳೆ ಬಿಚ್ಚದಂತೆ ಓವರ್‌ಲಾಕ್ ಮಾಡಿ, ಒಳಮೈಯಿಂದ ಹಬೆ ಇಸ್ತ್ರಿ ಹಾಕಿದೆ. ಗಾಢ ಬಣ್ಣದ ಚೀನೋಸ್ ಮೇಲೆ ನೇರ ಇಸ್ತ್ರಿ ಒತ್ತಿದರೆ ಹೊಲಿಗೆಯ ಉಬ್ಬಿನ ಮೇಲೆ ಹೊಳಪು ಬೀಳುತ್ತದೆ.