ಕ್ಯಾಪಿಟಲ್ ಜೆಪಿಜಿ, ಸ್ಮಾಲ್ ಜೆಪಿಜಿ

ನನ್ನ ಸೋದರತ್ತೆಯ ಮಗ ಶಿರಸಿ ಹತ್ತಿರ ಹೋಂಸ್ಟೇ ನಡೆಸುತ್ತಾನೆ. ಅದಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಸರಿಯಾಗಿತ್ತು. ಲಿನಕ್ಸ್ ಸರ್ವರ್‌ಗೆ ಹಾಕಿದ ಸ್ವಲ್ಪ ಹೊತ್ತಿಗೇ ಫೋನ್ ಬಂತು. "ಭಾವ, ಅರ್ಧ ಫೋಟೋ ಕಾಣ್ತಾನೇ ಇಲ್ಲ ಮಾರಾಯ!"

ನೋಡಿದರೆ, ಮೊಬೈಲಿನಲ್ಲಿ ತೆಗೆದ ಫೋಟೋಗಳು ಬರುತ್ತಿದ್ದವು, ಕ್ಯಾಮೆರಾದವು ಮಾತ್ರ ನಾಪತ್ತೆ. ಕ್ಯಾಮೆರಾ ತನ್ನ ಫೈಲಿನ ಹೆಸರಿನ ಕೊನೆಗೆ ಜೆಪಿಜಿ ಎಂದು ಕ್ಯಾಪಿಟಲ್ ಅಕ್ಷರದಲ್ಲಿ ಬರೆಯುತ್ತದೆ. ನಾನು ಪೇಜಿನಲ್ಲಿ ಎಲ್ಲ ಕಡೆ ಸ್ಮಾಲ್‌ನಲ್ಲಿ ಬರೆದಿದ್ದೆ. ವಿಂಡೋಸ್ ಹೆಸರನ್ನು ನಾವು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ, ಆದರೆ ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರ ಎಂದು ನೋಡುವುದಿಲ್ಲ. ಮ್ಯಾಕ್ ಕೂಡ ಸಾಮಾನ್ಯವಾಗಿ ಹಾಗೇ. ಲಿನಕ್ಸ್‌ಗೆ ಆ ದಾಕ್ಷಿಣ್ಯ ಇಲ್ಲ. ಕಂಪ್ಯೂಟರಿಗೆ ಪ್ರತಿ ಅಕ್ಷರವೂ ಒಂದು ನಂಬರ್; ದೊಡ್ಡ ಎ ಅಂದರೆ 65, ಸಣ್ಣ ಎ ಅಂದರೆ 97. ನಂಬರ್ ಬೇರೆಯಾದರೆ ಫೈಲೂ ಬೇರೆ, ಅಷ್ಟೇ.

ಹೆಸರು ಬದಲಿಸಿದರೆ ಮುಗೀತು ಅಂದುಕೊಂಡೆ. ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಸ್ಮಾಲ್ ಮಾಡಿದೆ. ಫೈಲುಗಳ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಂಬ ಪ್ರೋಗ್ರಾಮಿಗೆ ಸ್ಟೇಟಸ್ ಕೇಳಿದರೆ, ಏನೂ ಬದಲಾಗಿಲ್ಲ ಅಂತು! ವಿಂಡೋಸ್‌ನಲ್ಲಿ ರೆಪೊಸಿಟರಿ (ಆ ಲೆಕ್ಕದ ಖಾತೆ) ಶುರು ಮಾಡುವಾಗ ಗಿಟ್ ಡಿಸ್ಕಿನ ಸ್ವಭಾವ ಪರೀಕ್ಷಿಸಿ, ಕೋರ್ ಡಾಟ್ ಇಗ್ನೋರ್‌ಕೇಸ್ ಎಂಬ, ದೊಡ್ಡಕ್ಷರ ಸಣ್ಣಕ್ಷರ ಭೇದ ಬಿಡುವ ಸೆಟ್ಟಿಂಗನ್ನು ತಾನೇ ಟ್ರೂ ಮಾಡಿಕೊಂಡಿರುತ್ತದೆ. ಇಲ್ಲಿ ನಾನು ಮಾಡಿದ ದಡ್ಡತನ ಎಂದರೆ ಅದನ್ನು ಫಾಲ್ಸ್ ಮಾಡಿದ್ದು. ರೆಪೊಸಿಟರಿಯಲ್ಲಿ ಒಂದೇ ಫೋಟೋ ಎರಡು ಹೆಸರಲ್ಲಿ ಕೂತಿತು. ಸರ್ವರ್‌ನಲ್ಲಿ ಎರಡೂ ಫೈಲ್, ನನ್ನ ಲ್ಯಾಪ್‌ಟಾಪಿನಲ್ಲಿ ಒಂದೇ. ಒಂದನ್ನು ಅಳಿಸಿದರೆ ಇನ್ನೊಂದೂ ಹೋಯಿತು ಎಂದು ಗಿಟ್ ಹೇಳುತ್ತಿತ್ತು. ಒಂದು ಇಡೀ ಭಾನುವಾರ ಇದಕ್ಕೇ ಹೋಯಿತು.

ಕೊನೆಗೆ ಸೆಟ್ಟಿಂಗ್ ಮೊದಲಿದ್ದ ಹಾಗೇ ಮಾಡಿ, ಗಿಟ್ ಎಂವಿ ಆದೇಶದಿಂದಲೇ ಎರಡು ಹೆಜ್ಜೆಯಲ್ಲಿ ಹೆಸರು ಬದಲಿಸಿದೆ. ಮೊದಲು ಸುಮ್ನೆ ಬೇರೆ ಯಾವುದೋ ಹೆಸರು, ಆಮೇಲೆ ಬೇಕಾದ ಹೆಸರು. 2018ರಿಂದ ವಿಂಡೋಸ್ 10ರಲ್ಲಿ ಎಫ್‌ಎಸ್‌ಯುಟಿಲ್ ಎಂಬ ಆದೇಶ ಬಳಸಿ, ಬೇಕಾದ ಫೋಲ್ಡರಿಗಷ್ಟೇ ಲಿನಕ್ಸ್‌ನಂಥ ಕಟ್ಟುನಿಟ್ಟು ತರಬಹುದು. ಈಗ ನನ್ನ ಕೆಲಸದ ಫೋಲ್ಡರಿಗೆ ಅದನ್ನು ಹಾಕಿದ್ದೇನೆ. ತಪ್ಪಿದ್ದರೆ ನನ್ನ ಕಣ್ಣೆದುರೇ ತಪ್ಪಲಿ, ಅಲ್ವಾ?

ಇದನ್ನೆಲ್ಲ ಕೇಳಿದ ಹೋಂಸ್ಟೇ ಭಾವ ಅಂದ, "ಕನ್ನಡದಲ್ಲಿ ಕ್ಯಾಪಿಟಲ್ಲೂ ಇಲ್ಲ, ಸ್ಮಾಲೂ ಇಲ್ಲ. ಕನ್ನಡದಲ್ಲೇ ಹೆಸರಿಟ್ಟರೆ ಆಯ್ತಲ್ಲ!" ನನಗೂ ಹೌದಲ್ಲ ಅನಿಸಿತು. ಅವನು ಹೊಸ ಚಿತ್ರಗಳನ್ನು ಫೋಟೋ ಒಂದು, ಫೋಟೋ ಎರಡು ಎಂದು ಕನ್ನಡದಲ್ಲಿ ಹೆಸರಿಟ್ಟು, ಮನೆಯಲ್ಲಿದ್ದ ಹಳೇ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ. ಸರ್ವರ್‌ನಲ್ಲಿ ಬಿಚ್ಚಿದೆ. ಒಂದೂ ಕಾಣಲಿಲ್ಲ!

ಪಟ್ಟಿಯಲ್ಲಿ ಹೆಸರು ಕಣ್ಣಿಗೆ ಒಂದೇ ಥರ ಇತ್ತು. ಬೈಟ್‌ಗಳನ್ನು ಎಣಿಸಿದಾಗ ಗುಟ್ಟು ಗೊತ್ತಾಯಿತು. ನಾನು ಪೇಜಿನಲ್ಲಿ ಟೈಪ್ ಮಾಡಿದ 'ಫೋಟೋ' ಎಂಬ ಪದ 12 ಬೈಟ್, ಮ್ಯಾಕ್‌ನಿಂದ ಬಂದದ್ದು 24. ಹಳೇ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಮಾದರಿಯ ಡಿಸ್ಕ್ ಫೈಲಿನ ಹೆಸರಿನ ಅಕ್ಷರಗಳನ್ನು ಬಿಡಿಸಿ ಇಡುತ್ತದೆ. ಓತ್ವದ ದೀರ್ಘಕ್ಕೆ, ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯುನಿಕೋಡ್‌ನಲ್ಲಿ ಒಂದೇ ಸಂಕೇತ ಉಂಟು. ಅದನ್ನೇ ಏತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಶಾಲೆಯಲ್ಲಿ ಮೇಷ್ಟ್ರು ಕಾಗುಣಿತ ಹೇಳಿಕೊಟ್ಟ ಹಾಗೇ! ಓದುವವರಿಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡು ಬೇರೆ ಹೆಸರು. 'ಮನೆ', 'ಮರ' ಅಂತಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಅವುಗಳಲ್ಲಿ ಬಿಡಿಸುವಂಥದ್ದು ಏನೂ ಇಲ್ಲ.

ಸರ್ವರ್‌ನಲ್ಲಿ ಕಾನ್ವ್‌ಎಂವಿ ಎಂಬ ಸಣ್ಣ ಪ್ರೋಗ್ರಾಂ ಹಾಕಿಕೊಂಡೆ. ಬಿಡಿಸಿದ ಅಕ್ಷರ ಕೂಡಿಸಲು ಅದರಲ್ಲಿ ಎನ್‌ಎಫ್‌ಸಿ ಆಯ್ಕೆ ಇದೆ, ಇಂಗ್ಲಿಷ್ ಹೆಸರುಗಳನ್ನು ಸ್ಮಾಲ್ ಮಾಡಲು ಲೋವರ್ ಆಯ್ಕೆಯೂ ಇದೆ. ಮೊದಲ ಸಲ ಓಡಿಸಿದಾಗ ಏನೂ ಆಗಲಿಲ್ಲವೆಂದು ಗಾಬರಿಯಾಗಬೇಡಿ. ನೋಟೆಸ್ಟ್ ಎಂದು ಹೇಳುವವರೆಗೆ ಅದು ಏನು ಮಾಡುತ್ತೇನೆಂದು ತೋರಿಸುತ್ತದೆ, ಮಾಡುವುದಿಲ್ಲ. ಭಾವನ ಕ್ಯಾಮೆರಾ ಇವತ್ತಿಗೂ ಕ್ಯಾಪಿಟಲ್ ಜೆಪಿಜಿಯನ್ನೇ ಕಳಿಸುತ್ತದೆ. ನಾನೀಗ ಅದನ್ನು ಕೇಳಲು ಹೋಗುವುದಿಲ್ಲ, ಫೋಟೋ ಬಂದ ಕೂಡಲೇ ಇದನ್ನು ಓಡಿಸಿಬಿಡುತ್ತೇನೆ.