ಪ್ಯಾರಿಸ್‌ನ ಕೊನೆಯ ಹಂತ: ಗೆಲ್ಲುವವರನ್ನು ಲೆಕ್ಕ ಹಾಕುವ ಬಗೆ

ಮೂರು ವಾರದ ಸೈಕಲ್ ರೇಸ್ ಟೂರ್ ದಿ ಫ್ರಾನ್ಸ್‌ನ 21ನೇ, ಅಂದರೆ ಕೊನೆಯ ಹಂತಕ್ಕೆ ಮುನ್ನೋಟ ಬರೆಯುವವರೂ ಬಾಜಿ ಕಟ್ಟುವವರೂ ಮಾಡುವ ತಪ್ಪು ಒಂದೇ. ಮೊದಲು ಒಂದು ಹೆಸರು ಹಿಡಿದು, ಆಮೇಲೆ ಅದಕ್ಕೆ ಕಾರಣ ಹುಡುಕುತ್ತಾರೆ. ಈ ಕೆಲಸ ತಿರುವುಮುರುವಾಗಬೇಕು. ಭಾನುವಾರ ಸಂಜೆ ಪ್ಯಾರಿಸ್‌ನ ಶಾನ್ಸ್ ಎಲಿಝೆ ಬೀದಿಯಲ್ಲಿ ಯಾವ ಬಗೆಯ ರೇಸ್ ನಡೆಯುತ್ತದೆ ಎಂದು ಮೊದಲು ತೀರ್ಮಾನಿಸಿ. ಆ ಬಗೆಯ ರೇಸಿಗೆ ಯಾರು ಹೊಂದುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ದರ ನೋಡುವುದು ಎಲ್ಲಕ್ಕಿಂತ ಕೊನೆಗೆ.

ಮುಂದೆ ಹೋಗುವ ಮೊದಲು ಕಾನೂನಿನ ಮಾತು. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಂಥ ಸೇವೆ ಕೊಡುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಬೀದಿ ಬುಕ್ಕಿಗಳ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಕೇಸು ಬೀಳುತ್ತದೆ. ಟರ್ಫ್ ಕ್ಲಬ್ಬಿನ ಕುದುರೆ ಪಂದ್ಯದ ಲೆಕ್ಕ ಬೇರೆ, ಅದನ್ನು ಸೈಕಲ್‌ಗೆ ಅನ್ವಯಿಸಿಕೊಳ್ಳುವಂತಿಲ್ಲ. ಹಾಗಾಗಿ ಇಲ್ಲಿರುವವರಿಗೆ ಕೆಳಗಿನದೆಲ್ಲ ಕಾಗದದ ಮೇಲಿನ ಆಟ, ಗೆಳೆಯರ ನಡುವೆ ಅಂಕ ಹಾಕಿಕೊಂಡು ಆಡಬಹುದಾದದ್ದು. ಬ್ರಿಟನ್ನಿನಂತೆ ಪರವಾನಗಿ ಪಡೆದ ಬುಕ್‌ಮೇಕರ್‌ಗಳಿರುವ ದೇಶದಲ್ಲಿ ನೆಲೆಸಿರುವ, 18 ತುಂಬಿದ ಕನ್ನಡಿಗರು ಮಾತ್ರ ಹಣದ ಭಾಗವನ್ನು ಹಣವಾಗಿಯೇ ಓದಿಕೊಳ್ಳಬಹುದು.

ಹೆಜ್ಜೆ 1: ದಾರಿ ಓದಿ

ಕೊನೆಯ ಹಂತದಲ್ಲಿ ಮೂರು ಜಾತಿ. ಒಂದು, ಸಪಾಟು ಸುತ್ತುಗಳ ರೇಸ್. ಎರಡು, ಏರು ಸೇರಿಸಿದ ಸುತ್ತುಗಳ ರೇಸ್. ಮೂರು, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್. ಇವು ಒಂದೇ ಹೆಸರಿನ ಮೂರು ಬೇರೆ ಆಟಗಳು.

ಸಪಾಟು ಜಾತಿಯ ಚರಿತ್ರೆ ಸ್ಪಷ್ಟ. 2024 ಒಂದನ್ನು ಬಿಟ್ಟರೆ ಟೂರ್ 1975ರಿಂದ ಶಾನ್ಸ್ ಎಲಿಝೆಯಲ್ಲಿ ಮುಗಿಯುತ್ತಿದೆ. 2006ರಿಂದ 2023ರವರೆಗೆ 18 ಟೂರ್‌ಗಳು ಅಲ್ಲಿ ಮುಗಿದವು, 18 ಸಲವೂ ಗೆದ್ದದ್ದು ಸ್ಪ್ರಿಂಟ್‌ನಲ್ಲಿ, ಅಂದರೆ ಒಟ್ಟಿಗೆ ಬಂದ ಗುಂಪಿನ ಕೊನೆಯ ವೇಗದ ಓಟದಲ್ಲಿ. 2009ರಿಂದ 2012ರವರೆಗೆ ನಾಲ್ಕು ವರ್ಷ ಮಾರ್ಕ್ ಕ್ಯಾವೆಂಡಿಶ್ ಒಬ್ಬನೇ ಗೆದ್ದ. 2006ಕ್ಕೂ ಹಿಂದೆ ಗುಂಪಿನಿಂದ ತಪ್ಪಿಸಿಕೊಂಡು ಹೋಗಿ ಗೆದ್ದವರು ಬೆರಳೆಣಿಕೆಯಷ್ಟು: 1979ರಲ್ಲಿ ಬರ್ನಾರ್ ಇನೊ, 1994ರಲ್ಲಿ ಎಡ್ಡಿ ಸೆನ್ಯೂರ್, 2005ರಲ್ಲಿ ಅಲೆಕ್ಸಾಂಡರ್ ವಿನೊಕುರೊವ್, ಹೀಗೆ.

ಈ ಚರಿತ್ರೆಯನ್ನೇ ನಂಬಿ 2025ರಲ್ಲಿ ಬರೆದ ಮುನ್ನೋಟಗಳು ದಾರಿ ತಪ್ಪಿದವು. ಆ ವರ್ಷ ಮಾಂತ್-ಲಾ-ವಿಲ್‌ನಿಂದ ಪ್ಯಾರಿಸ್‌ಗೆ 132.3 ಕಿ.ಮೀ. ದಾರಿಯಲ್ಲಿ ಮೊಂಮಾರ್ತ್ರ್ ದಿಬ್ಬವನ್ನು ಮೂರು ಸಲ ಹತ್ತಿಸಿದರು. 1.1 ಕಿ.ಮೀ. ಉದ್ದ, ಸರಾಸರಿ 5.9 ಶೇಕಡಾ ಏರು. ಅಂಕಿ ನೋಡಿದರೆ ದೊಡ್ಡದೇನಲ್ಲ, ಆಲ್ಪ್ಸ್ ದಾಟಿ ಬಂದವರಿಗೆ ಇದು ಮನೆಮುಂದಿನ ಮೆಟ್ಟಿಲು. ಅಲ್ಲಿ ಕೆಡಿಸುವುದು ಅಗಲ. ರೂ ಲೆಪಿಕ್ ಇಕ್ಕಟ್ಟಾದ ಕಲ್ಲುಹಾಸಿನ ಬೀದಿ, ಗುಂಪು ಅಲ್ಲಿ ಹಗ್ಗದಂತೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಬುಡದಲ್ಲಿ ನಲವತ್ತನೆಯವನಾಗಿ ತಿರುಗಿದ ಸ್ಪ್ರಿಂಟರ್‌ಗೆ ಮುಂದೆ ಹೋಗಲು ಜಾಗವೇ ಇಲ್ಲ. ಮುಂದಿನವನು ಒದ್ದಾಡಿದರೆ ಇವನೂ ನಿಲ್ಲಬೇಕು.

ಇನ್ನೊಂದು ಲೆಕ್ಕ ಮಾಡಿಡಿ: ಕೊನೆಯ ಏರಿನ ತುದಿಯಿಂದ ಮುಕ್ತಾಯದ ಗೆರೆಗೆ ಎಷ್ಟು ದೂರ? 2025ರಲ್ಲಿ ಅದು ಸುಮಾರು 6 ಕಿ.ಮೀ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಅಷ್ಟು ದೂರಕ್ಕೆ 7 ನಿಮಿಷ 12 ಸೆಕೆಂಡು ಬೇಕು. ತುದಿಯಲ್ಲಿ ಒಬ್ಬ 10 ಸೆಕೆಂಡು ಮುಂದಿದ್ದರೆ ಹಿಂದಿನವರು ಗಂಟೆಗೆ 51.2 ಕಿ.ಮೀ. ಓಡಿಸಿದರೆ ಸಾಕು, ಹಿಡಿದುಬಿಡಬಹುದು. ಅಂದರೆ 10 ಸೆಕೆಂಡು ಕಾಗದದ ಮೇಲೆ ಏನೂ ಅಲ್ಲ. ಆದರೆ ಹಿಂದೆ ಅಟ್ಟುವವರು ನಾಲ್ಕೈದು ಬೇರೆ ತಂಡದವರಾಗಿದ್ದರೆ ‘ನೀನು ಮುಂದೆ ಗಾಳಿ ತಡೆದು ಎಳೆ, ನಾನು ಆಮೇಲೆ’ ಎನ್ನುವುದರಲ್ಲೇ ಏಳು ನಿಮಿಷ ಕಳೆಯುತ್ತದೆ. 2025ರಲ್ಲಿ ಆದದ್ದು ಅದೇ. ವೌಟ್ ವಾನ್ ಆರ್ಟ್ ಕೊನೆಯ ಏರಿನಲ್ಲಿ, ಆ ವರ್ಷದ ಟೂರ್ ಗೆದ್ದ ತಾದೇಯ್ ಪೊಗಾಚಾರ್‌ನನ್ನೇ ಕಳಚಿ ಒಬ್ಬನೇ ಬಂದ. ಆ ಮುಂದಿನ ಆರು ಜನರ ಗುಂಪಿನಲ್ಲಿ ವಾನ್ ಆರ್ಟ್‌ನ ತಂಡದ ಮ್ಯಾಟಿಯೊ ಜೋರ್ಗೆನ್‌ಸನ್ ಕೂಡ ಇದ್ದ, ಜೋರ್ಗೆನ್‌ಸನ್‌ನ ದಾಳಿಗಳನ್ನು ಹಿಂಬಾಲಿಸಿ ಪೊಗಾಚಾರ್ ಕಾಲು ಸವೆಸಿಕೊಂಡಿದ್ದ. ಸಣ್ಣ ಗುಂಪು ಉಳಿಯುವ ದಾರಿಯಲ್ಲಿ ಇಬ್ಬರನ್ನು ಉಳಿಸಿಕೊಳ್ಳಬಲ್ಲ ತಂಡ ಯಾವುದು ಎಂದು ಮೊದಲೇ ಹುಡುಕಿಡಿ. ಗಾಳಿಸುರಂಗದ ಅಂಕಿಗಳಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಟೈಮ್ ಟ್ರಯಲ್ ಆದರೆ ಸೆಕೆಂಡನ್ನು ಕಿಲೋಮೀಟರಿಗೆ ಭಾಗಿಸಿ. 1989ರಲ್ಲಿ ವರ್ಸಾಯ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ., ಗ್ರೆಗ್ ಲೆಮಾಂಡ್ ಒಟ್ಟಾರೆ ಪಟ್ಟಿಯಲ್ಲಿ ಮೊದಲಿದ್ದ ಲೊರಾಂ ಫಿನ್ಯೊನ್‌ಗಿಂತ 50 ಸೆಕೆಂಡು ಹಿಂದಿದ್ದ. ಕಿಲೋಮೀಟರಿಗೆ ಎರಡು ಸೆಕೆಂಡಿನಂತೆ ಗಳಿಸಬೇಕಿತ್ತು. ಅವನು 58 ಗಳಿಸಿ, ಫಿನ್ಯೊನ್‌ನನ್ನು 8 ಸೆಕೆಂಡಿನಲ್ಲಿ ಸೋಲಿಸಿದ. ಮೊಳಕೈ ಊರುವ ಹ್ಯಾಂಡಲ್ ಲೆಮಾಂಡ್‌ನಲ್ಲಿತ್ತು, ಫಿನ್ಯೊನ್‌ನಲ್ಲಿ ಇರಲಿಲ್ಲ. ಒಲಿಂಪಿಕ್ಸ್‌ನಿಂದಾಗಿ 2024ರ ಟೂರ್ ನೀಸ್‌ನಲ್ಲಿ ಮುಗಿಯಿತು. ಮೊನಾಕೊದಿಂದ 33.7 ಕಿ.ಮೀ., ನಡುವೆ ಲಾ ತುರ್ಬಿಯ ಏರು. ಅದು ಸಪಾಟು ದಾರಿಯ ಪರಿಣತರ ಟೈಮ್ ಟ್ರಯಲ್ ಆಗಿರಲಿಲ್ಲ, ಗೆದ್ದವನು ಪೊಗಾಚಾರ್.

ಹೆಜ್ಜೆ 2: ಮಳೆ, ಗಾಳಿ, ಆಯೋಜಕರ ಪ್ರಕಟಣೆ

ಶುಕ್ರವಾರದಿಂದ ಪ್ಯಾರಿಸ್‌ನ ಗಂಟೆಗಂಟೆಯ ಹವಾಮಾನ ನೋಡಿ. ಇಡೀ ದಿನದ್ದು ಬೇಡ, ಸಂಜೆಯದು ಸಾಕು. ರೇಸ್ ಮುಗಿಯುವಾಗ ನಮ್ಮಲ್ಲಿ ರಾತ್ರಿ 11ರ ಆಸುಪಾಸು, ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಕಲ್ಲುಹಾಸು ಒದ್ದೆಯಾದರೆ ಎರಡು ಪರಿಣಾಮ. ತಿರುವುಗಳಲ್ಲಿ ಗುಂಪು ನಿಧಾನಿಸುತ್ತದೆ, ಒಂಟಿಯಾಗಿ ಹೋದವನು ಅಷ್ಟು ನಿಧಾನಿಸಬೇಕಿಲ್ಲ. ಜೊತೆಗೆ, ಒಟ್ಟಾರೆ ಪಟ್ಟಿಯ (ಎಲ್ಲ ಹಂತಗಳ ಸಮಯ ಕೂಡಿಸಿದ ಪಟ್ಟಿ) ಸಮಯವನ್ನು ಮೊದಲೇ ನಿಲ್ಲಿಸುವ ಸಾಧ್ಯತೆ ಹೆಚ್ಚುತ್ತದೆ. 2025ರಲ್ಲಿ ಮಳೆಯಿಂದಾಗಿ ಸುಮಾರು 50 ಕಿ.ಮೀ. ಬಾಕಿ ಇರುವಾಗಲೇ ಸಮಯ ಎಣಿಸಿಬಿಟ್ಟರು. ಆಮೇಲೆ ಆ ಪಟ್ಟಿಯಲ್ಲಿ ಮೊದಲಿರುವ ಹಳದಿ ಅಂಗಿಯವನಿಗೂ ಮೊದಲ ಹತ್ತರಲ್ಲಿರುವವರಿಗೂ ಅಪಾಯಕ್ಕೆ ಮೈಯೊಡ್ಡುವ ಅಗತ್ಯವಿಲ್ಲ. ಅವರ ತಂಡಗಳು ಮುಂದೆ ಬಂದು ವೇಗ ಹಿಡಿಯುವುದಿಲ್ಲ, ಗುಂಪು ಬೇಗ ಒಡೆಯುತ್ತದೆ.

ಗಾಳಿ ದಿಕ್ಕು ಸ್ಪ್ರಿಂಟ್‌ಗೆ ಮುಖ್ಯ. ಕೊನೆಯ ನೇರ ದಾರಿ ಕಾಂಕಾರ್ಡ್ ಚೌಕದಿಂದ ವಿಜಯದ್ವಾರದ ಕಡೆಗೆ, ಅಂದರೆ ವಾಯವ್ಯಕ್ಕೆ, ಸಣ್ಣಗೆ ಏರುತ್ತ ಹೋಗುತ್ತದೆ. ಪಶ್ಚಿಮ ಇಲ್ಲವೇ ವಾಯವ್ಯದ ಗಾಳಿ ಮುಖಕ್ಕೆ ಬಡಿಯುತ್ತದೆ. ಆಗ ಮೊದಲು ಹೊರಬಿದ್ದವನು ಸುಸ್ತಾಗುತ್ತಾನೆ, ತಡೆದು ಕಾದವನು ದಾಟುತ್ತಾನೆ.

ಹೆಜ್ಜೆ 3: ಯಾರಿಗೆ ಏನು ಬೇಕು

ಹಳದಿ ಅಂಗಿಯವನ ಮೇಲೆ ಕೊನೆಯ ದಿನ ದಾಳಿ ಮಾಡಬಾರದೆಂಬುದು ರೂಢಿ, ಅದು ಕಾನೂನಲ್ಲ. ಹತ್ತಿಪ್ಪತ್ತು ಸೆಕೆಂಡಿನ ಅಂತರ ಎಲ್ಲಿದೆ ಎಂದು ನೋಡಿ, ಮೊದಲ ಸ್ಥಾನಕ್ಕಷ್ಟೇ ಅಲ್ಲ. 2005ರಲ್ಲಿ ವಿನೊಕುರೊವ್ ಓಡಿದ್ದು ಒಟ್ಟಾರೆ ಪಟ್ಟಿಯ ಐದನೇ ಸ್ಥಾನಕ್ಕಾಗಿ, ಅದೂ ಸಿಕ್ಕಿತು. ಅಂಕಗಳಲ್ಲಿ ಮೊದಲಿಗನಿಗೆ ಸಿಗುವ ಹಸಿರು ಅಂಗಿ ಇತ್ಯರ್ಥವಾಗಿದೆಯೋ, ಮೂರು ವಾರದಲ್ಲಿ ಒಂದೂ ಹಂತ ಗೆಲ್ಲದ ತಂಡಗಳು ಎಷ್ಟು, ಇವನ್ನೂ ಬರೆದುಕೊಳ್ಳಿ.

ಆಮೇಲೆ ತಲೆ ಎಣಿಸಿ. ಪ್ರತಿ ತಂಡ ಎಂಟು ಜನರೊಂದಿಗೆ ಹೊರಡುತ್ತದೆ. ಕೊನೆಯ ಭಾನುವಾರಕ್ಕೆ ಸ್ಪ್ರಿಂಟರ್‌ನ ತಂಡದಲ್ಲಿ ಉಳಿದವರು ನಾಲ್ಕೇ ಜನ ಎಂದಿಟ್ಟುಕೊಳ್ಳಿ. ತಪ್ಪಿಸಿಕೊಂಡವರನ್ನು ಅಟ್ಟಲು ಇಬ್ಬರು ಸವೆದರೆ ಕೊನೆಯ ಕಿಲೋಮೀಟರಿನ ಕೆಂಪು ಪತಾಕೆಯ ಕೆಳಗೆ ಅವನನ್ನು ಎಳೆಯಲು ಒಬ್ಬನೇ ಉಳಿಯುತ್ತಾನೆ. 2009ರಲ್ಲಿ ಕ್ಯಾವೆಂಡಿಶ್ ಗೆದ್ದಾಗ ಅವನನ್ನು ಎಳೆದುತಂದ ಮಾರ್ಕ್ ರೆನ್‌ಶಾ ಎರಡನೆಯವನಾಗಿ ಬಂದ. ಸಾಲು ಗಟ್ಟಿಯಾಗಿದ್ದರೆ ಹೀಗಾಗುತ್ತದೆ. 2023ರಲ್ಲಿ ನಾಲ್ಕು ಹಂತ ಗೆದ್ದು ಎಲ್ಲರ ಬಾಯಲ್ಲೂ ಇದ್ದ ಯಾಸ್ಪರ್ ಫಿಲಿಪ್ಸನ್ ಪ್ಯಾರಿಸ್‌ನಲ್ಲಿ ಕೂದಲೆಳೆಯಲ್ಲಿ ಸೋತ. ಗೆದ್ದ ಯೋರ್ಡಿ ಮೇಯಸ್‌ಗೆ ಅದು ಟೂರ್‌ನಲ್ಲಿ ಮೊದಲ ಹಂತದ ಗೆಲುವು ಅಲ್ಲ, ಅವನು ಗೆದ್ದ ಮೊದಲನೆಯ ಹಂತ. ಸ್ಪ್ರಿಂಟ್‌ನಲ್ಲಿ ಅತಿ ಬಲಶಾಲಿಗೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಕೊಡಲು ಕೈ ನಡುಗಬೇಕು.

ಹೆಜ್ಜೆ 4: ಅಂಕಿಗೆ ಇಳಿಸಿ

ಒಂದು ಹಾಳೆಯಲ್ಲಿ ಮೂರು ಕಂಬ ಎಳೆಯಿರಿ: ದೊಡ್ಡ ಗುಂಪಿನ ಸ್ಪ್ರಿಂಟ್, ಸಣ್ಣ ಗುಂಪು, ಒಂಟಿ ಗೆಲುವು. ಮೊಂಮಾರ್ತ್ರ್ ಇರುವ ಒಣ ದಿನಕ್ಕೆ ಉದಾಹರಣೆಯಾಗಿ 45, 35, 20 ಶೇಕಡಾ ಕೊಡೋಣ. ಈಗ ಇಬ್ಬರು ಕಾಲ್ಪನಿಕ ಸವಾರರು.

‘ಕ’ ಅಪ್ಪಟ ಸ್ಪ್ರಿಂಟರ್. ದೊಡ್ಡ ಗುಂಪು ಬಂದರೆ ಅವನ ಗೆಲುವು 35 ಶೇಕಡಾ, ಸಣ್ಣ ಗುಂಪಾದರೆ 3, ಒಂಟಿಯಾಗಿ ಸೊನ್ನೆ. ಗುಣಿಸಿ ಕೂಡಿಸಿದರೆ 16.8 ಶೇಕಡಾ. ‘ಚ’ ಕಲ್ಲುಹಾಸು ಬಲ್ಲ ಒಂದು ದಿನದ ರೇಸುಗಳ ಹುರಿಯಾಳು. ಕ್ರಮವಾಗಿ 8, 22, 25. ಮೊತ್ತ 16.3. ಹೆಸರು ಕೇಳಿದರೆ ‘ಕ’ ದೊಡ್ಡವನು, ಲೆಕ್ಕದಲ್ಲಿ ಇಬ್ಬರೂ ಒಂದೇ.

ಈಗ ದರ, ಅಂದರೆ ಗೆದ್ದರೆ ಹೂಡಿದ ಪ್ರತಿ 1ಕ್ಕೆ ವಾಪಸ್ ಬರುವ ಮೊತ್ತ. ‘ಕ’ನ ದರ 4.00 ಎಂದಿಟ್ಟುಕೊಳ್ಳಿ; 1ನ್ನು 4ರಿಂದ ಭಾಗಿಸಿ, 25 ಶೇಕಡಾ. ಬ್ರಿಟನ್ನಿನಲ್ಲಿ 8/1 ಎಂದು ಬರೆಯುವುದೂ 9.00 ಎಂಬುದೂ ಒಂದೇ, ಅಂದರೆ 11.1 ಶೇಕಡಾ. ಎಲ್ಲ ಸವಾರರ ಶೇಕಡಾಗಳನ್ನು ಕೂಡಿಸಿದರೆ ಮೊತ್ತ 100 ಮೀರುತ್ತದೆ, ಮೀರಿದ್ದು ಬುಕ್‌ಮೇಕರ್‌ನ ಪಾಲು. ಮೊತ್ತ 125 ಬಂದರೆ 25ನ್ನು 1.25ರಿಂದ ಭಾಗಿಸಿ. ಮಾರುಕಟ್ಟೆ ‘ಕ’ನಿಗೆ ನಿಜವಾಗಿ ಕೊಡುತ್ತಿರುವುದು 20 ಶೇಕಡಾ. ನಮ್ಮ ಲೆಕ್ಕ 16.8. ಅವನನ್ನು ಬಿಡಿ.

‘ಚ’ನಿಗೆ 9.00 ಸಿಕ್ಕರೆ, 0.163ನ್ನು 9ರಿಂದ ಗುಣಿಸಿದಾಗ 1.47. ನೂರಕ್ಕೆ 47 ಲಾಭ! ಇಂಥ ಅಂಕಿ ಕಂಡಾಗ ಖುಷಿಪಡಬೇಡಿ, ಅನುಮಾನಪಡಿ. ಕಂಬಗಳನ್ನು ಬದಲಿಸಿ ಮತ್ತೆ ಲೆಕ್ಕ ಮಾಡಿ. ಸ್ಪ್ರಿಂಟ್‌ಗೆ 65, ಸಣ್ಣ ಗುಂಪಿಗೆ 25, ಒಂಟಿಗೆ 10 ಇಟ್ಟರೆ ‘ಕ’ 23.5ಕ್ಕೆ ಏರುತ್ತಾನೆ, ‘ಚ’ 13.2ಕ್ಕೆ ಇಳಿಯುತ್ತಾನೆ. ಆಗಲೂ ‘ಕ’ನಿಗೆ 4.00 ಸಾಲದು, ‘ಚ’ನಿಗೆ 9.00 ತುಸು ಲಾಭದ್ದೇ. ಎರಡೂ ಊಹೆಯಲ್ಲಿ ಉಳಿಯುವ ತೀರ್ಮಾನವನ್ನು ಮಾತ್ರ ಇಟ್ಟುಕೊಳ್ಳಿ.

ಹೆಜ್ಜೆ 5: ಎಷ್ಟು, ಯಾವ ಬಗೆಯಲ್ಲಿ

ಎಷ್ಟು ಹೂಡಬೇಕು ಎಂದು ಹೇಳಲೆಂದೇ ಕೆಲ್ಲಿ ಸೂತ್ರ ಇದೆ: ಸಾಧ್ಯತೆಯನ್ನು ದರದಿಂದ ಗುಣಿಸಿ, 1 ಕಳೆದು, ದರದಲ್ಲಿ 1 ಕಳೆದದ್ದರಿಂದ ಭಾಗಿಸಿ. ‘ಚ’ನ ಕಡಿಮೆ ಅಂದಾಜಿಗೆ 0.188ನ್ನು 8ರಿಂದ ಭಾಗಿಸಿದರೆ ಮೀಸಲಿಟ್ಟ ಮೊತ್ತದ 2.35 ಶೇಕಡಾ. ಅದರ ಕಾಲುಭಾಗ ಸಾಕು, ಸುಮಾರು 0.6. ನಮ್ಮ ಸಾಧ್ಯತೆಯೇ ಅಂದಾಜು, ಪೂರ್ತಿ ಸೂತ್ರ ಹಿಡಿದರೆ ಅಂದಾಜಿನ ತಪ್ಪೂ ಪೂರ್ತಿ ಬಡಿಯುತ್ತದೆ.

ಕುದುರೆ ಪಂದ್ಯ ನೋಡಿದವರಿಗೆ ವಿನ್ (ಗೆಲುವಿನ ಮೇಲೆ), ಪ್ಲೇಸ್ (ಮೊದಲ ಕೆಲವು ಸ್ಥಾನಗಳ ಮೇಲೆ) ಗೊತ್ತು. ಸೈಕ್ಲಿಂಗ್‌ನ ಈಚ್-ವೇ ಅವೆರಡರ ಜೋಡಿ, ಹಾಗಾಗಿ ಹಣವೂ ಎರಡು ಪಟ್ಟು. ಮೊದಲ ಮೂರು ಸ್ಥಾನಕ್ಕೆ ಕಾಲು ದರ ಎಂದಿದ್ದರೆ, 9.00ಕ್ಕೆ 10 ಪೌಂಡ್ ಈಚ್-ವೇ ಎಂದರೆ ಕೈಯಿಂದ ಹೋಗುವುದು 20 ಪೌಂಡ್. ಎರಡನೇ ಸ್ಥಾನ ಬಂದರೆ ಪ್ಲೇಸ್ ಭಾಗಕ್ಕೆ 8/1ರ ಕಾಲು 2/1, ಅಂದರೆ 3.00 ದರದಲ್ಲಿ 30 ಪೌಂಡ್ ವಾಪಸ್, ನಿವ್ವಳ ಲಾಭ 10. ಗೆದ್ದರೆ 120 ವಾಪಸ್. ಕಾಲು ದರದ ಬದಲು ಐದನೇ ಒಂದು ಭಾಗ ಎಂದಿದೆಯೇ ಎಂದು ಸಣ್ಣಕ್ಷರ ಓದಿ.

ಇಬ್ಬರಲ್ಲಿ ಯಾರು ಮುಂದೆ ಎಂಬ ಜೋಡಿ ಬಾಜಿ ಸುಲಭವಾಗಿ ಕಾಣುತ್ತದೆ, ಪ್ಯಾರಿಸ್‌ನಲ್ಲಿ ಅದೇ ಬಲೆ. ಸಮಯ ಮೊದಲೇ ನಿಲ್ಲಿಸಿದ್ದರೆ ಒಟ್ಟಾರೆ ಪಟ್ಟಿಯ ದೊಡ್ಡವರು ಹಿಂದೆ ಹರಟುತ್ತ ಬರುತ್ತಾರೆ. ಸ್ಪ್ರಿಂಟರ್‌ನನ್ನು ಎಳೆದುತಂದವನು ಕೆಲಸ ಮುಗಿದ ಕೂಡಲೇ ಪೆಡಲ್ ಬಿಟ್ಟುಬಿಡುತ್ತಾನೆ. ಇವರ ನಡುವಿನ ಜೋಡಿಗೆ ನಾಣ್ಯ ಚಿಮ್ಮಿದಷ್ಟೇ ಬೆಲೆ.

ನಿಯಮಪತ್ರದಲ್ಲಿ ಮೂರು ಕಲಮು ಹುಡುಕಿ. ಸವಾರ ಹೊರಡದಿದ್ದರೆ ಹಣ ವಾಪಸ್ಸೋ ಇಲ್ಲವೋ. ಹೊರಟು ನಡುವೆ ಬಿಟ್ಟರೆ ಸಾಮಾನ್ಯವಾಗಿ ಹೋಯಿತೆಂದೇ ಲೆಕ್ಕ. ಫಲಿತಾಂಶ ಆಮೇಲೆ ಬದಲಾದರೆ ಯಾವುದನ್ನು ಹಿಡಿಯುತ್ತಾರೆ? ಹಂತವೇ ನಿಂತರೆ ಏನು? ಕೊನೆಯದು ಬರೀ ಶಂಕೆಯಲ್ಲ. 2025ರ ಸೆಪ್ಟೆಂಬರ್ 14ರಂದು ಸ್ಪೇನಿನ ಸೈಕಲ್ ರೇಸ್ ವುವೆಲ್ಟಾದ ಕೊನೆಯ ಹಂತ ಮ್ಯಾಡ್ರಿಡ್‌ನಲ್ಲಿ ಪ್ರತಿಭಟನೆಯಿಂದ ನಡುವೆಯೇ ನಿಂತಿತು, ಹಂತಕ್ಕೆ ವಿಜೇತನೇ ಇಲ್ಲ.

ರೇಸ್ ನಡೆಯುವಾಗ ಕಟ್ಟುವುದನ್ನು ಪೂರ್ತಿ ಬಿಡಿ. ಟಿವಿ ಚಿತ್ರ ನಿಜಕ್ಕಿಂತ ಕೆಲವು ಸೆಕೆಂಡು ಹಿಂದೆ, ಮೊಬೈಲ್ ಇನ್ನೂ ಹಿಂದೆ. ನಿಮಗೆ ದಾಳಿ ಕಾಣುವ ಹೊತ್ತಿಗೆ ದರ ಬಿದ್ದಾಗಿರುತ್ತದೆ. ಆ ಹೊತ್ತಿನಲ್ಲಿ ಹಾಳೆಯನ್ನು ಮುಂದಿಟ್ಟುಕೊಂಡು ಎರಡು ವಿಷಯ ಗುರುತು ಹಾಕಿ: ಮೂರು ಕಂಬಗಳಲ್ಲಿ ಯಾವುದು ನಿಜವಾಯಿತು, ಕೊನೆಯ ಏರಿನ ಬುಡದಲ್ಲಿ ನಿಮ್ಮ ಸವಾರ ಎಷ್ಟನೆಯವನಾಗಿದ್ದ. ಮುಂದಿನ ವರ್ಷದ ಶೇಕಡಾ ಹಾಕುವಾಗ ಗೆದ್ದವನ ಹೆಸರಿಗಿಂತ ಈ ಎರಡು ಟಿಪ್ಪಣಿಗಳನ್ನೇ ತೆಗೆದು ನೋಡಬೇಕಾಗುತ್ತದೆ.