ನೆಟ್ ಬರ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ನೆಟ್ ನಿಂತ ತಕ್ಷಣ ಎಲ್ಲರ ಕೈ ಹೋಗುವುದು ರೌಟರ್ ಸ್ವಿಚ್ಚಿಗೆ. ದಯವಿಟ್ಟು ಐದು ನಿಮಿಷ ತಡೆಯಿರಿ. ಆಫ್ ಮಾಡಿ ಆನ್ ಮಾಡಿದರೆ ಕೆಲವು ಸಲ ಸರಿಹೋಗುತ್ತದೆ ನಿಜ, ಆದರೆ ಏನು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ, ನಾಳೆ ಮತ್ತೆ ಅದೇ ಗೋಳು. ಹತ್ತಿರದಿಂದ ಶುರು ಮಾಡಿ ಒಂದೊಂದೇ ಹೆಜ್ಜೆ ಮುಂದೆ ಹೋಗಿ. ಎಲ್ಲಿ ಉತ್ತರ ಬರುವುದು ನಿಲ್ಲುತ್ತದೋ ಅಲ್ಲೇ ಹುಡುಕಿ.

ಬೇಕಾದ ಟೂಲ್‌ಗಳೆಲ್ಲ ಕಂಪ್ಯೂಟರಿನಲ್ಲೇ ಇವೆ. ವಿಂಡೋಸ್‌ನಲ್ಲಿ ಸ್ಟಾರ್ಟ್ ಒತ್ತಿ ಸಿಎಂಡಿ ಅಂತ ಟೈಪ್ ಮಾಡಿ; ಮ್ಯಾಕ್, ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆಯಿರಿ. ಕಮಾಂಡ್‌ಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ.

ಮೊದಲು ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ (ipconfig) ಕೊಡಿ; ಲಿನಕ್ಸ್‌ನಲ್ಲಿ ಐಪಿ ಎ (ip a), ಗೇಟ್‌ವೇ ನೋಡಲು ಐಪಿ ಆರ್ (ip r). ನೋಡಬೇಕಾದ್ದು ಎರಡೇ: ನಿಮ್ಮ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ನಿಮ್ಮ ಕಂಪ್ಯೂಟರಿನ ನಂಬರ್, ಮತ್ತು ಡಿಫಾಲ್ಟ್ ಗೇಟ್‌ವೇ, ಅಂದರೆ ನಿಮ್ಮ ರೌಟರ್. ಐಪಿ 169.254 ಅಂತ ಶುರುವಾಗಿದ್ದರೆ ರೌಟರ್ ನಿಮಗೆ ವಿಳಾಸ ಕೊಟ್ಟೇ ಇಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಅಂತ ಅರ್ಥ. ಆಗ ಮುಂದೆ ಹೋಗಬೇಡಿ. ಕೇಬಲ್, ವೈಫೈ ನೋಡಿ, ಆಮೇಲೆ ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ /ರಿನ್ಯೂ (ipconfig /renew) ಕೊಡಿ.

ವಿಳಾಸ ಸರಿ ಇದ್ದರೆ ಗೇಟ್‌ವೇಗೆ ಪಿಂಗ್ ಮಾಡಿ, ಅಂದರೆ ಒಂದು ಚಿಕ್ಕ ಪ್ರಶ್ನೆ ಕಳಿಸಿ ಉತ್ತರ ಬರುತ್ತದಾ ನೋಡಿ: ಪಿಂಗ್ 192.168.1.1 (ping 192.168.1.1) ಅನ್ನುವ ಹಾಗೆ, ನಿಮ್ಮ ಗೇಟ್‌ವೇ ನಂಬರ್ ಹಾಕಿ. ವಿಂಡೋಸ್ 4 ಸಲ ಕಳಿಸಿ ನಿಲ್ಲಿಸುತ್ತದೆ, ಲಿನಕ್ಸ್ ನೀವು ಕಂಟ್ರೋಲ್ ಸಿ ಒತ್ತುವ ತನಕ ಕಳಿಸುತ್ತಲೇ ಇರುತ್ತದೆ. ನನ್ನ ಪ್ರಕಾರ ಜಾಸ್ತಿ ಜನ ಅವಸರ ಮಾಡಿ ದಾಟಿಬಿಡುವ ಹೆಜ್ಜೆ ಇದೇ. ನಾಲ್ಕೂ ಉತ್ತರ ಬಂತು ಅಂತ ಬಿಡಬೇಡಿ. ವಿಂಡೋಸ್‌ನಲ್ಲಿ ಕೊನೆಗೆ -ಟಿ (-t) ಸೇರಿಸಿ ಎರಡು ನಿಮಿಷ ಓಡಲು ಬಿಡಿ, ಮತ್ತು ಟೈಮ್ ಅನ್ನುವ ಅಂಕಿ ನೋಡುತ್ತಾ ಇರಿ. ರೌಟರ್ ಪಕ್ಕದಲ್ಲೇ ಇರುವಾಗ ಅದು ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡ್ ಇರಬೇಕು. 2, 3, 2, 340, 2, ಆಮೇಲೆ ರಿಕ್ವೆಸ್ಟ್ ಟೈಮ್ಡ್ ಔಟ್ (ಉತ್ತರ ಬರಲೇ ಇಲ್ಲ), ಹೀಗೆ ಕುಣಿಯುತ್ತಿದ್ದರೆ ತೊಂದರೆ ಬಹುತೇಕ ನಿಮ್ಮ ವೈಫೈನಲ್ಲೇ ಇದೆ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಜಗಳ ಆಡಿ ಏನೂ ಪ್ರಯೋಜನವಿಲ್ಲ. ಕೇಬಲ್ ಹಾಕಿ ಅದೇ ಪಿಂಗ್ ಮತ್ತೆ ಮಾಡಿ, ಅನುಮಾನ ಬಗೆಹರಿಯುತ್ತದೆ.

ಇಲ್ಲೊಂದು ಮೋಸ ಇದೆ. ಕೆಲವು ಸಲ ಕೆಳಗೆ 0% ಲಾಸ್, ಅಂದರೆ ಒಂದೂ ಉತ್ತರ ತಪ್ಪಿಲ್ಲ ಅಂತ ಬರುತ್ತದೆ, ನೆಟ್ ಮಾತ್ರ ಸತ್ತಿರುತ್ತದೆ. ಮೇಲಿನ ಸಾಲುಗಳನ್ನು ಓದಿ: ರಿಪ್ಲೈ ಫ್ರಮ್ ಆದ ಮೇಲೆ ನಿಮ್ಮದೇ ಐಪಿ, ಪಕ್ಕದಲ್ಲಿ ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ (ಆ ಮೆಷಿನ್ ತಲುಪಲು ಆಗುತ್ತಿಲ್ಲ). ಉತ್ತರ ಕೊಟ್ಟಿದ್ದು ಆ ಕಡೆಯ ಮೆಷಿನ್ ಅಲ್ಲ, ನಿಮ್ಮ ಕಂಪ್ಯೂಟರೇ. ವಿಂಡೋಸ್ ಅದನ್ನೂ ಉತ್ತರ ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಪರ್ಸೆಂಟ್ ನೋಡಿ ಸುಮ್ನೆ ಸಮಾಧಾನ ಪಡಬೇಡಿ.

ಗೇಟ್‌ವೇ ಗಟ್ಟಿ ಇದೆಯಾ? ಈಗ ಹೊರಗೆ ಹೋಗಿ: ಪಿಂಗ್ 8.8.8.8. ಇದು ಗೂಗಲ್‌ನ ಡಿಎನ್ಎಸ್ ಸರ್ವರ್, ಅಂದರೆ ಸೈಟ್ ಹೆಸರು ಕೊಟ್ಟರೆ ಅದರ ಐಪಿ ನಂಬರ್ ಹೇಳುವ ಕಂಪ್ಯೂಟರ್. ಗೇಟ್‌ವೇ ಉತ್ತರ ಕೊಟ್ಟು ಇದು ಕೊಡದಿದ್ದರೆ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್ಎಸ್ ಸರ್ವರ್) ಕೂಡ ನೋಡಿ. ಎರಡೂ ಇಲ್ಲ ಅಂದರೆ ರೌಟರಿನಿಂದ ಆಚೆಗೆ ಲೈನ್ ಹೋಗಿರುವ ಸಾಧ್ಯತೆ ಜಾಸ್ತಿ. ನಂಬರಿಗೆ ಉತ್ತರ ಬಂದು ಗೂಗಲ್ ಡಾಟ್ ಕಾಮ್ ಅಂತ ಹೆಸರು ಹಾಕಿದಾಗ ಹೋಸ್ಟ್ ಸಿಗಲಿಲ್ಲ ಅಂತ ಬಂದರೆ ಲೈನ್ ಚೆನ್ನಾಗೇ ಇದೆ, ಕೆಟ್ಟಿರುವುದು ಡಿಎನ್ಎಸ್. ಖಚಿತ ಮಾಡಿಕೊಳ್ಳಲು ಎನ್‌ಎಸ್‌ಲುಕಪ್ ಗೂಗಲ್ ಡಾಟ್ ಕಾಮ್ (nslookup google.com) ಕೊಡಿ, ಆಮೇಲೆ ಅದೇ ಸಾಲಿನ ಕೊನೆಗೆ 1.1.1.1 ಸೇರಿಸಿ ಕೊಡಿ. ಮೊದಲನೆಯದು ಸೋತು ಎರಡನೆಯದು ಗೆದ್ದರೆ ಡಿಎನ್ಎಸ್ ಸರ್ವರ್ ಬದಲಾಯಿಸಿ, ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್ (ipconfig /flushdns) ಕೊಡಿ.

ಟ್ರೇಸ್‌ಆರ್‌ಟಿ 8.8.8.8 (tracert; ಲಿನಕ್ಸ್, ಮ್ಯಾಕ್‌ನಲ್ಲಿ ಟ್ರೇಸ್‌ರೌಟ್, traceroute) ಕೊಟ್ಟರೆ ದಾರಿಯಲ್ಲಿರುವ ರೌಟರ್‌ಗಳನ್ನು ಒಂದೊಂದಾಗಿ ತೋರಿಸುತ್ತದೆ, ವಿಂಡೋಸ್‌ನಲ್ಲಿ ಹೆಚ್ಚೆಂದರೆ 30 ಹಾಪ್ (ಒಂದು ರೌಟರ್ ಅಂದರೆ ಒಂದು ಹಾಪ್). ಮಧ್ಯೆ ನಕ್ಷತ್ರ (*) ಕಂಡರೆ ಗಾಬರಿ ಬೇಡ. ಎಷ್ಟೋ ರೌಟರ್‌ಗಳು ಇಂಥ ಪ್ರಶ್ನೆಗೆ ಉತ್ತರವೇ ಕೊಡುವುದಿಲ್ಲ, ಆದರೆ ನಿಮ್ಮ ಡೇಟಾ ಮುಂದೆ ಕಳಿಸುತ್ತವೆ. ಒಂದು ಹಾಪ್‌ನಲ್ಲಿ ಟೈಮ್ ಏರಿ, ಅಲ್ಲಿಂದ ಕೊನೆಯ ತನಕ ಏರಿಯೇ ಇದ್ದರೆ ಮಾತ್ರ ಅದಕ್ಕೆ ತಲೆ ಕೆಡಿಸಿಕೊಳ್ಳಿ.

ಪಿಂಗ್‌ಗೆ ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಸರ್ವರ್ ಬಿದ್ದಿದೆ ಅಂತಲೂ ಅಲ್ಲ, ಫೈರ್‌ವಾಲ್ (ಬೇಡದ ಸಂಪರ್ಕ ತಡೆಯುವ ಕಾವಲುಗಾರ) ತಡೆದಿರಬಹುದು. ಅನುಮಾನ ಇದ್ದರೆ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ (Test-NetConnection), ಸೈಟ್ ಹೆಸರು, -ಪೋರ್ಟ್ 443 (-Port 443) ಅಂತ ನಡುವೆ ಕಾಮಾ ಇಲ್ಲದೆ ಒಂದೇ ಸಾಲಿನಲ್ಲಿ ಕೊಡಿ; 443 ಅಂದರೆ ವೆಬ್‌ಸೈಟ್‌ಗಳು ಬಳಸುವ ಬಾಗಿಲು. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ಬಾಗಿಲು ತೆರೆದೇ ಇದೆ, ಬ್ರೌಸರ್ ಅಥವಾ ಪ್ರಾಕ್ಸಿ (ನಿಮ್ಮ ಪರವಾಗಿ ನೆಟ್‌ಗೆ ಹೋಗುವ ಮಧ್ಯವರ್ತಿ ಸರ್ವರ್) ಸೆಟ್ಟಿಂಗ್ ನೋಡಿ.

ಆಗಾಗ ಬಂದು ಹೋಗುವ ತೊಂದರೆಯಾದರೆ ಎರಡು ಕಿಟಕಿ ತೆರೆದು ಒಂದರಲ್ಲಿ ಗೇಟ್‌ವೇಗೆ, ಇನ್ನೊಂದರಲ್ಲಿ 8.8.8.8ಗೆ ಪಿಂಗ್ ಓಡಿಸುತ್ತಾ ಇರಿ. ನೆಟ್ ಹೋದಾಗ ಟೈಮ್ ಬರೆದುಕೊಂಡು ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆಯಿರಿ. ಕಸ್ಟಮರ್ ಕೇರ್‌ನವರು ರೌಟರ್ ರೀಸ್ಟಾರ್ಟ್ ಮಾಡಿ ಅಂದಾಗ, ಗೇಟ್‌ವೇ ಉತ್ತರ ಕೊಡುತ್ತಿತ್ತು, ಅದರಾಚೆ ಮಾತ್ರ ನಿಂತಿತ್ತು ಅಂತ ಹೇಳಿ ಆ ಸ್ಕ್ರೀನ್‌ಶಾಟ್‌ಗಳನ್ನೇ ಕಳಿಸಿ.